ಕೊನೆಯ ಮಹಡಿಯ ಮನೆಗೆ ಎಷ್ಟು ಟನ್ ಎಸಿ ಬೇಕು?

ಪ್ರಶ್ನೆ: ಕಲಬುರಗಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಾಲ್ಕನೇ ಮಹಡಿಯಲ್ಲಿದ್ದೇವೆ. ಅದೇ ಕೊನೆಯ ಮಹಡಿ. ಇಷ್ಟು ವರ್ಷ ಕೂಲರ್‌ನಲ್ಲೇ ಬೇಸಿಗೆ ಕಳೆದೆವು. ಈ ಸಲ ಅಮ್ಮ ಹಳ್ಳಿಯಿಂದ ಬಂದು ನಮ್ಮ ಜೊತೆಗೇ ಇರುತ್ತಾರೆ. ಅವರ ರೂಮಿಗೆ ಎಸಿ ಹಾಕಿಸಬೇಕು ಅಂತಿದ್ದೇವೆ. ರೂಮು 10 ಅಡಿಗೆ 12 ಅಡಿ, ಒಂದು ಗೋಡೆ ಪಶ್ಚಿಮಕ್ಕಿದೆ. ಒಂದು ಅಂಗಡಿಯವರು 1 ಟನ್ ಸಾಕು ಅಂತಾರೆ, ಇನ್ನೊಬ್ಬರು 1.5 ಟನ್ ತಗೊಳ್ಳಿ ಅಂತಾರೆ. ಯಾವುದು ಸರಿ? ಎಸಿ ಗಾಳಿಗೆ ಮೊಣಕಾಲು ಹಿಡಿಯುತ್ತೆ ಅಂತ ಅಮ್ಮ ಬೇರೆ ಹೆದರಿದ್ದಾರೆ.

ಉತ್ತರ: 1.5 ಟನ್ ತಗೊಳ್ಳಿ, ಇನ್ವರ್ಟರ್ ಇರುವ ಸ್ಪ್ಲಿಟ್ ಎಸಿ (ಕರೆಂಟ್ ಹೋದಾಗ ಬಳಸುವ ಇನ್ವರ್ಟರ್ ಅಲ್ಲ, ಕಂಪ್ರೆಸರ್ ವೇಗ ಹೆಚ್ಚು ಕಡಿಮೆ ಮಾಡುವ ಬಗೆ). ಇದೇ ರೂಮು ಎರಡನೇ ಮಹಡಿಯಲ್ಲಿ, ಪೂರ್ವದ ಗೋಡೆಗೆ ಇದ್ದಿದ್ದರೆ 1 ಟನ್ ಸಾಕು ಅಂತ ನಾನೇ ಹೇಳುತ್ತಿದ್ದೆ.

ಟನ್ ಅಂದರೆ ಯಂತ್ರದ ತೂಕ ಅಲ್ಲ. ಐಸ್ ಗಡ್ಡೆ ಇಟ್ಟು ತಂಪು ಮಾಡುತ್ತಿದ್ದ ಕಾಲದ ಅಳತೆ ಅದು. ಒಂದು ಟನ್ ಐಸ್ 24 ಗಂಟೆಯಲ್ಲಿ ಪೂರ್ತಿ ಕರಗುವಾಗ ಎಷ್ಟು ಶಾಖ ಹೀರಿಕೊಳ್ಳುತ್ತದೋ ಅಷ್ಟು. ಈಗಿನ ಲೆಕ್ಕದಲ್ಲಿ ಸುಮಾರು 3,500 ವ್ಯಾಟ್. ಎಸಿಯ ಸ್ಟಾರ್ ಲೇಬಲ್ ಮೇಲೆ ಈ ವ್ಯಾಟ್ ಬರೆದಿರುತ್ತದೆ, ಅಂಗಡಿಯಲ್ಲಿ ಅದನ್ನೇ ನೋಡಿ. 1.5 ಟನ್ ಅಂತ ಮಾರುವ ಎರಡು ಎಸಿಗಳಲ್ಲಿ ಒಂದು 4,700 ಇರಬಹುದು, ಇನ್ನೊಂದು 5,200 ಇರಬಹುದು. ಹೆಸರು ಒಂದೇ, ತಂಪು ಬೇರೆ.

ನಮ್ಮ ಕಡೆಯವರು ಗಮನಿಸಬೇಕಾದ ಮಾತು ಇನ್ನೊಂದಿದೆ. ಆ ವ್ಯಾಟ್ ಅಳೆಯುವುದು ಹೊರಗೆ 35 ಡಿಗ್ರಿ ಇದ್ದಾಗ. ಕಲಬುರಗಿಯಲ್ಲಿ 35 ಅಂದರೆ ಮಾರ್ಚ್‌ನಲ್ಲಿ ಶರಣಬಸವೇಶ್ವರ ಅಪ್ಪನ ಜಾತ್ರೆಯ ಹೊತ್ತಿನ ಬಿಸಿಲು, ಬೇಸಿಗೆ ಇನ್ನೂ ಶುರು ಅಷ್ಟೇ. ಏಪ್ರಿಲ್, ಮೇನಲ್ಲಿ 41, 42, 43 ಆಗುತ್ತದೆ. ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಮುಗಿಸುವ ಊರು ನಮ್ಮದು. ಎಸಿ ಮಾಡುವ ಕೆಲಸ ಒಂದೇ: ಒಳಗಿನ ಶಾಖ ಎತ್ತಿ ಹೊರಗೆ ಹಾಕುವುದು. ಹೊರಗೆ ಹೆಚ್ಚು ಕಾದಷ್ಟೂ ಆ ಕೆಲಸ ಕಷ್ಟ. ತಂಪು ಕಡಿಮೆಯಾಗುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. ಬೆಂಗಳೂರಿನಲ್ಲಿ 1 ಟನ್ ಎಸಿ ಹಾಕಿಸಿ ಹಾಯಾಗಿರುವ ನೆಂಟರ ಮಾತು ನಮ್ಮ ಮನೆಗೆ ಹೊಂದದೇ ಇರುವುದು ಇದಕ್ಕೇ.

ಇನ್ನು ನಿಮ್ಮ ಸ್ಲ್ಯಾಬ್. ಮೇ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೆ ಸ್ಟೂಲ್ ಹತ್ತಿ ಛಾವಣಿಗೆ ಅಂಗೈ ಇಟ್ಟು ನೋಡಿ. ರೊಟ್ಟಿ ಮಾಡಿ ಒಲೆ ಆರಿಸಿ ಸ್ವಲ್ಪ ಹೊತ್ತಾದ ಹಂಚಿನ ಹಾಗೆ ಇರುತ್ತದೆ. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಮನೆಯೊಳಗೆ ಬಿಡುತ್ತದೆ. ಹಳ್ಳಿಯಲ್ಲಿ ಅಮ್ಮ ಇದ್ದದ್ದು ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಯಾದರೆ, ಕೆಳಗೆ ಶಹಾಬಾದ್ ಕಲ್ಲು ಹಾಸಿದ್ದರೆ, ಈ ಕುದಿ ಅವರಿಗೆ ಹೊಸದು. ಹಾಗಾಗಿ ಎಸಿಗಿಂತ ಮೊದಲು ಒಂದು ಕೆಲಸ ಮಾಡಿ. ಅಸೋಸಿಯೇಷನ್‌ನವರ ಹತ್ತಿರ ಮಾತಾಡಿ, ನಿಮ್ಮ ಮನೆಯ ಮೇಲಿನ ಟೆರೇಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಸುಣ್ಣ ಸಾಕು, ಪ್ರತಿ ವರ್ಷ ಮತ್ತೆ ಹೊಡೆಯಬೇಕಾಗುತ್ತದೆ ಅಷ್ಟೇ. ಪಶ್ಚಿಮದ ಕಿಟಕಿಗೆ ಒಳಗೆ ಪರದೆ ಹಾಕಿದರೆ ಸಾಲದು, ಹೊರಗೆ ಚಾಪೆ ಅಥವಾ ಹಸಿರು ನೆಟ್ ಕಟ್ಟಿ. ಬಿಸಿಲನ್ನು ಗಾಜು ಮುಟ್ಟುವ ಮುಂಚೆಯೇ ತಡೆಯಬೇಕು. ಇಷ್ಟು ಮಾಡಿದ ರೂಮಿನಲ್ಲಿ ಎಸಿ ಏದುಸಿರು ಬಿಡುವುದಿಲ್ಲ.

ಜರೂರತ್ತಿಗಿಂತ ದೊಡ್ಡ ಎಸಿ ಬೇಡ ಅಂತ ಹೇಳುವವರಿದ್ದಾರೆ. ಹಳೆಯ ಕಾಲದ ಎಸಿಗೆ ಆ ಮಾತು ನಿಜ. ಅದು ಬೇಗ ತಂಪು ಮಾಡಿ ಆಫ್ ಆಗುತ್ತಿತ್ತು, ಮತ್ತೆ ಆನ್, ಮತ್ತೆ ಆಫ್. ಇನ್ವರ್ಟರ್ ಎಸಿ ಹಾಗಲ್ಲ. ರೂಮು ತಂಪಾದ ಮೇಲೆ ಕಂಪ್ರೆಸರ್ ವೇಗ ಇಳಿಸಿಕೊಂಡು ನಿಧಾನಕ್ಕೆ ಓಡುತ್ತಿರುತ್ತದೆ. ಮಧ್ಯಾಹ್ನ ಮೂರಕ್ಕೆ ಪೂರ್ತಿ ಜೋರು, ಬೆಳಗಿನ ಜಾವ ಅರ್ಧಕ್ಕಿಂತ ಕಡಿಮೆ. ಅದಕ್ಕೇ ಅನುಮಾನ ಇದ್ದ ಕಡೆ ನಾನು ದೊಡ್ಡದನ್ನೇ ಹೇಳುವುದು.

ಸ್ಟಾರ್ ವಿಷಯ. ಸ್ಟಾರ್ ಎಣಿಸುವುದಕ್ಕಿಂತ ಲೇಬಲ್ ಮೇಲಿನ ವರ್ಷದ ಯೂನಿಟ್ ಓದಿ. ಅದು 1,600 ಗಂಟೆಯ ಲೆಕ್ಕ. 800 ಯೂನಿಟ್ ಅಂತ ಇದ್ದರೆ ಗಂಟೆಗೆ ಸರಾಸರಿ ಅರ್ಧ ಯೂನಿಟ್ ಅಂತಾಯಿತು. ನಮ್ಮ ಮೇ ತಿಂಗಳಿಗೆ ಅದರ ಮೇಲೆ ಸ್ವಲ್ಪ ಸೇರಿಸಿಯೇ ಲೆಕ್ಕ ಹಾಕಿ. ರಾತ್ರಿ ಎಂಟು ಗಂಟೆ ಓಡಿಸಿದರೂ ತಿಂಗಳಿಗೆ 150 ಯೂನಿಟ್ ದಾಟಬಹುದು. ಇಲ್ಲಿ ಗೃಹಜ್ಯೋತಿ ನೆನಪಿರಲಿ. ತಿಂಗಳಲ್ಲಿ 200 ಯೂನಿಟ್ ಮೀರಿದರೆ ಮೀರಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಏಪ್ರಿಲ್, ಮೇ ಎರಡು ತಿಂಗಳು ಬಿಲ್ ಬರುತ್ತೆ ಅಂತಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ವರ್ಷಕ್ಕೆ ಮೂರು ತಿಂಗಳು, ರಾತ್ರಿ ಮಾತ್ರ ಓಡಿಸುವವರಿಗೆ 3 ಸ್ಟಾರ್ ಸಾಕು. ಅಮ್ಮ ಹಗಲೂ ಅದೇ ರೂಮಿನಲ್ಲಿ ಇರುತ್ತಾರೆ ಅಂದರೆ 5 ಸ್ಟಾರ್‌ಗೆ ಹಾಕಿದ ದುಡ್ಡು ಖಂಡಿತ ವಾಪಸ್ ಬರುತ್ತದೆ. ಸ್ಟಾರ್ ಕೊಡುವ ನಿಯಮ ಆಗಾಗ ಬಿಗಿಯಾಗುತ್ತದೆ. ಎರಡು ಮೂರು ವರ್ಷದ ಹಳೆಯ ಸ್ಟಾಕ್‌ನ 5 ಸ್ಟಾರ್ ಇವತ್ತಿನ 5 ಸ್ಟಾರ್ ಅಲ್ಲ. ಲೇಬಲ್ ಮೇಲೆ ವರ್ಷ ನೋಡಿ.

ಅಪಾರ್ಟ್‌ಮೆಂಟಿನಲ್ಲಿ ನಿಜವಾದ ತಲೆನೋವು ಹೊರಗಿನ ಯೂನಿಟ್ ಎಲ್ಲಿಡುವುದು ಅನ್ನೋದು. ನಾನು ಮೊದಲಿದ್ದ ಫ್ಲ್ಯಾಟಿನಲ್ಲಿ ಕೂರಿಸಲು ಬಂದವರು ಅದನ್ನು ಬಾತ್‌ರೂಮ್ ಹಿಂದಿನ ಡಕ್ಟಿನಲ್ಲಿ ಇಟ್ಟು ಹೋದರು. ಪೈಪ್ ಉಳಿಯುತ್ತೆ, ಕಾಣೋದೂ ಇಲ್ಲ ಅಂತ ನಾನೂ ಒಪ್ಪಿದೆ. ಮೇ ಬಂತು. ಡಕ್ಟಿನ ಬಿಸಿಗಾಳಿಗೆ ಹೋಗಲು ದಾರಿಯೇ ಇಲ್ಲ. ತಾನು ಬಿಟ್ಟ ಬಿಸಿಯನ್ನು ತಾನೇ ಎಳೆದುಕೊಂಡು ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಎಸಿ ತಾನಾಗಿಯೇ ನಿಲ್ಲುತ್ತಿತ್ತು. ನಮಗೆ ಅದು ಬೇಕಾಗಿದ್ದದ್ದೇ ಆ ಹೊತ್ತಿನಲ್ಲಿ! ಕೊನೆಗೆ ಬಾಲ್ಕನಿ ಗೋಡೆಗೆ ತಂದೆವು. ಅದೇ ಎಸಿ, ಅದೇ ಬಿಸಿಲು, ಸಲೀಸಾಗಿ ಓಡಿತು. ಬಾಲ್ಕನಿ ಆಗಬಹುದು, ಟೆರೇಸ್ ಆಗಬಹುದು, ಅದರ ಮುಂದೆ ಬಯಲು ಇರಬೇಕು, ಪಕ್ಕದ ಮನೆಯ ಕಿಟಕಿ ಇರಬಾರದು. ಟೆರೇಸ್ ಆದರೆ ಮೇಲೆ ಒಂದು ತಗಡಿನ ನೆರಳು ಮಾಡಿ, ನಾಲ್ಕೂ ಕಡೆ ಮುಚ್ಚಬೇಡಿ. ಸಜ್ಜದ ಮೇಲೆ ಇಡಿಸಲೇಬೇಡಿ. ನಾಳೆ ರಿಪೇರಿಗೆ ಬರುವ ಹುಡುಗ ನಾಲ್ಕನೇ ಮಹಡಿಯ ಸಜ್ಜದ ಮೇಲೆ ಹಗ್ಗವೂ ಇಲ್ಲದೆ ನಿಲ್ಲಬೇಕಾಗುತ್ತದೆ. ಅವನೂ ಒಂದು ಮನೆಯ ಮಗ.

ಕೂರಿಸುವ ದಿನ ಮನೆಯಲ್ಲೇ ಇರಿ. ಪೈಪ್ ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ ತೆಗೆಯಬೇಕು. ಸುಮ್ನೆ ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಗೆ ತಳ್ಳುವ ಅಭ್ಯಾಸ ಇನ್ನೂ ಇದೆ, ಬೇಡ ಅನ್ನಿ. ಈಗಿನ ಬಹುತೇಕ ಎಸಿಗಳಲ್ಲಿರುವ ಆರ್-32 ಗ್ಯಾಸ್‌ಗೆ ಸ್ವಲ್ಪ ಬೆಂಕಿ ಹಿಡಿಯುವ ಗುಣವೂ ಇದೆ.

ವೈರಿಂಗ್ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. ಮೇನ್ ಬೋರ್ಡಿನಿಂದ ನೇರ 4 ಚದರ ಮಿಲಿಮೀಟರ್ ತಾಮ್ರದ ವೈರ್, ಅದಕ್ಕೇ ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್. ಎಕ್ಸ್‌ಟೆನ್ಶನ್ ಬೋರ್ಡ್ ಮುಟ್ಟಬಾರದು. ಪ್ಲಗ್ ಕಂದು ಬಣ್ಣಕ್ಕೆ ತಿರುಗಿದ್ದು, ಮುಟ್ಟಿದರೆ ಬಿಸಿ ಇದ್ದದ್ದು ಕಂಡರೆ ಆ ಕ್ಷಣವೇ ಆಫ್ ಮಾಡಿ. ಕರೆಂಟ್ ಬಿಲ್ ಮೇಲೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತದೆ. ಕಡಿಮೆ ಇದ್ದರೆ ಜೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಸ್ಟೆಬಿಲೈಜರ್ ಬೇಡ ಅಂತ ಅಂಗಡಿಯವರು ಹೇಳಿದರೆ ಯಾವ ವೋಲ್ಟೇಜಿನಿಂದ ಯಾವ ವೋಲ್ಟೇಜಿನವರೆಗೆ ಅಂತ ಕೇಳಿ. ಆ ಮಿತಿ ದಾಟಿದರೆ ರಕ್ಷಣೆ ಇಲ್ಲ. ಸಂಜೆ ಫ್ಯಾನ್ ಮಂಕಾಗುವ ಏರಿಯಾ ನಿಮ್ಮದಾದರೆ ಸ್ಟೆಬಿಲೈಜರ್ ಹಾಕಿಸಿಬಿಡಿ.

ಕೂಲರ್ ಮಾರಬೇಡಿ. ಅದನ್ನು ಹಾಲ್‌ಗೆ ಹಾಕಿ. ಮೇ ಮುಗಿಯುವವರೆಗೆ ನಮ್ಮದು ಒಣ ಬಿಸಿಲು, ಒಣ ಗಾಳಿಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಎದುರಿನ ಕಿಟಕಿ ತೆರೆದಿರಬೇಕು ಅಷ್ಟೇ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಅದು ಬರೀ ಅಂಟು ಕೊಡುತ್ತದೆ, ಆಗ ಎತ್ತಿಡಿ. ಒಂದೇ ರೂಮಿನಲ್ಲಿ ಎಸಿ, ಕೂಲರ್ ಎರಡನ್ನೂ ಓಡಿಸುವ ಮನೆಗಳನ್ನು ನೋಡಿದ್ದೇನೆ. ಕೂಲರ್ ನೀರಿನ ಪಸೆ ಸೇರಿಸುತ್ತೆ, ಎಸಿ ಅದನ್ನೇ ತೆಗೆಯಲು ಕರೆಂಟ್ ಸುಡುತ್ತೆ. ಹಾಗೆ ಮಾಡಬೇಡಿ. ಬಾಡಿಗೆ ಮನೆಯಲ್ಲಿದ್ದು ವರ್ಷ ಎರಡು ವರ್ಷಕ್ಕೆ ಮನೆ ಬದಲಿಸುವವರಾದರೆ ಮಾತ್ರ ವಿಂಡೋ ಎಸಿ ಯೋಚಿಸಿ. ಸದ್ದು ಜಾಸ್ತಿ, ಆದರೆ ಕಿತ್ತು ಒಯ್ಯುವುದು ಸುಲಭ.

ಅಮ್ಮನ ಮೊಣಕಾಲಿನ ಹೆದರಿಕೆಯನ್ನು ಹಗುರವಾಗಿ ತಗೋಬೇಡಿ. ತಣ್ಣನೆ ಗಾಳಿ ನೇರವಾಗಿ ಮೈಗೆ ಬಡಿದರೆ ವಯಸ್ಸಾದವರಿಗೆ ಹಿಂಸೆಯಾಗುತ್ತದೆ. ಎಲ್ಲಿ ಕೂರಿಸಬೇಕು ಅಂತ ಗೋಡೆಗೆ ಗುರುತು ಹಾಕುವ ಮುಂಚೆ ಅಮ್ಮನನ್ನು ಮಂಚದ ಮೇಲೆ ಮಲಗಿಸಿ ನೋಡಿ. ಗಾಳಿ ಕಾಲಿಗೂ ಬರಬಾರದು, ತಲೆಗೂ ಬರಬಾರದು, ಮಂಚ ದಾಟಿ ಎದುರಿನ ಗೋಡೆಗೆ ಹೋಗಬೇಕು. ಎಸಿಯ ರೆಕ್ಕೆ ಮೇಲಕ್ಕೆ ತಿರುಗಿಸಿ. 27ಕ್ಕೆ ಇಟ್ಟು ಮೇಲಿನ ಫ್ಯಾನ್ ಒಂದರಲ್ಲಿ ಬಿಡಿ. ಮಲಗುವುದಕ್ಕೆ ಒಂದು ಗಂಟೆ ಮುಂಚೆ ಹಚ್ಚಿದರೆ ಗೋಡೆ, ಹಾಸಿಗೆ ಎಲ್ಲ ತಂಪಾಗಿರುತ್ತದೆ. ಆಮೇಲೆ 28 ಮಾಡಿದರೂ ನಡೆಯುತ್ತದೆ. ರಿಮೋಟಿನಲ್ಲಿ ಜಾಸ್ತಿ, ಕಡಿಮೆ ಮಾಡುವ ಗುಂಡಿಗೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟುಕೊಡಿ. ಚಳಿ ಅನಿಸಿದರೆ ಅಮ್ಮ ರಾತ್ರಿ ನಿಮ್ಮನ್ನು ಎಬ್ಬಿಸದೆ ತಾವೇ ಹೆಚ್ಚಿಸಿಕೊಳ್ಳಲಿ.