ಹಿಮಾಲಯ ಸೆಳೆಯಬೇಕಾದಷ್ಟು ಏಕೆ ಸೆಳೆಯಲಿಲ್ಲ?

ಭೂಗೋಳದ ಪಾಠದಲ್ಲಿ ‘ಐಸೊಸ್ಟಸಿ’ (ಭೂಚಿಪ್ಪು ತನ್ನ ಕೆಳಗಿನ ಭಾರದ ಪದರದ ಮೇಲೆ ತೇಲುವಂತೆ ಸಮತೋಲದಲ್ಲಿರುವುದು) ಬಂದಾಗ ನಾನು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಮುಂದೆ ಹೋಗಿದ್ದೆ. ಅದರ ಹಿಂದೆ ಸುಮಾರು 160 ಮೀಟರಿನ ಒಂದು ತಾಳೆಯಾಗದ ಲೆಕ್ಕವಿದೆ ಎಂದು ತಿಳಿದ ಮೇಲೆ ಆ ಪಾಠ ಮರೆತೇ ಇಲ್ಲ.

19ನೇ ಶತಮಾನದಲ್ಲಿ ಜಾರ್ಜ್ ಎವರೆಸ್ಟ್ ನೇತೃತ್ವದಲ್ಲಿ ನಡೆದ ಭಾರತದ ಮಹಾ ಸರ್ವೇಯಲ್ಲಿ (ಭೂಮಾಪನದಲ್ಲಿ) ಎರಡು ಠಾಣೆಗಳಿದ್ದವು. ಒಂದು ಮಧ್ಯ ಭಾರತದ ಕಲ್ಯಾಣಪುರ. ಇನ್ನೊಂದು ಅಲ್ಲಿಂದ ಉತ್ತರಕ್ಕೆ ಸುಮಾರು 600 ಕಿ.ಮೀ. ದೂರದ, ಹಿಮಾಲಯಕ್ಕೆ ಹತ್ತಿರವಾದ ಕಲಿಯಾನಾ. ಇವುಗಳ ಅಕ್ಷಾಂಶದ ಅಂತರವನ್ನು ನೆಲದ ಮೇಲೆ ತ್ರಿಕೋನ ಜೋಡಿಸುತ್ತ ಒಮ್ಮೆ, ನಕ್ಷತ್ರಗಳನ್ನು ನೋಡಿ ಇನ್ನೊಮ್ಮೆ ಲೆಕ್ಕ ಹಾಕಿದರು. ಎರಡನೆಯ ಉತ್ತರ 5.24 ಕೋನ ಸೆಕೆಂಡಿನಷ್ಟು ಕಡಿಮೆ ಬಂತು. ಒಂದು ಸೆಕೆಂಡೆಂದರೆ ಡಿಗ್ರಿಯ 3600ನೇ ಒಂದು ಭಾಗ, ನೆಲದ ಮೇಲೆ ಸುಮಾರು 31 ಮೀಟರ್. ಎವರೆಸ್ಟ್ ಇದನ್ನು ಅಳತೆಯ ದೋಷವೆಂದೇ ಎಣಿಸಿದರು.

ನಕ್ಷತ್ರದ ಅಳತೆಗೆ ಆಧಾರ ತೂಗುಗುಂಡು, ಗೋಡೆ ಕಟ್ಟುವ ಮೇಸ್ತ್ರಿ ದಾರಕ್ಕೆ ಕಟ್ಟಿ ಇಳಿಬಿಡುವಂಥದ್ದೇ. ದಾರ ನೆಟ್ಟಗಿದ್ದರೆ ನೆತ್ತಿಯ ಬಿಂದು, ಅಂದರೆ ತಲೆಯ ನೇರ ಮೇಲಿನ ಆಕಾಶದ ಬಿಂದು, ಸರಿಯಾಗಿ ಸಿಗುತ್ತದೆ; ಅಕ್ಷಾಂಶದ ಲೆಕ್ಕ ಅದರಿಂದಲೇ. ಆದರೆ ಪಕ್ಕದಲ್ಲಿ ಪರ್ವತವಿದ್ದರೆ ಅದೂ ಗುಂಡನ್ನು ಸೆಳೆಯುತ್ತದೆ. ಗುಂಡು ಉತ್ತರಕ್ಕೆ ವಾಲಿದರೆ ನೆತ್ತಿಯ ಬಿಂದು ದಕ್ಷಿಣಕ್ಕೆ ಸರಿಯುತ್ತದೆ, ಕಲಿಯಾನಾದ ಅಕ್ಷಾಂಶ ಕಡಿಮೆ ಕಾಣುತ್ತದೆ. (ಚಿತ್ರ ಬಿಡಿಸಿ ನೋಡಿ. ನನಗೆ ಇದು ಅರ್ಥವಾದದ್ದು ಹಾಗೆಯೇ.)

ಇಲ್ಲಿಗೆ ಉತ್ತರ ಸಿಕ್ಕಿತು ಎನಿಸುತ್ತದೆ. ಕಲ್ಕತ್ತದ ಪಾದ್ರಿ, ಗಣಿತಜ್ಞ ಜಾನ್ ಪ್ರ್ಯಾಟ್ ಅಲ್ಲಿಗೆ ನಿಲ್ಲಲಿಲ್ಲ. ಹಿಮಾಲಯ ಮತ್ತು ಅದರಾಚೆಯ ಪ್ರಸ್ಥಭೂಮಿಯ ಸೆಳೆತವನ್ನು ಅಂದಾಜು ಮಾಡಿ ಲೆಕ್ಕ ಹಾಕಿದರು. ವ್ಯತ್ಯಾಸ 15.885 ಸೆಕೆಂಡು ಇರಬೇಕಿತ್ತು! ಪ್ರಶ್ನೆಯೇ ತಿರುಗಿ ನಿಂತಿತು: ಇಷ್ಟು ತಪ್ಪು ಏಕೆ ಎಂಬುದಲ್ಲ, ಇಷ್ಟೇ ಏಕೆ ಎಂಬುದು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಇದು.

1855ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ಉತ್ತರ ಕೊಟ್ಟರು. ನೀರಿನಲ್ಲಿ ತೇಲುವ ದಿಮ್ಮಿಗಳಲ್ಲಿ ಹೆಚ್ಚು ಮೇಲೆದ್ದಿರುವುದು ಕೆಳಗೂ ಹೆಚ್ಚು ಮುಳುಗಿರುತ್ತದೆ. ಹಾಗೆಯೇ ಪರ್ವತದ ಕೆಳಗೆ ಹಗುರ ಶಿಲೆಯ ಆಳವಾದ ಬೇರಿದೆ. ಅಲ್ಲಿರಬೇಕಾದ ಭಾರದ ಶಿಲೆ ಇಲ್ಲದ್ದರಿಂದ ಸೆಳೆತ ತಗ್ಗುತ್ತದೆ. ಪ್ರ್ಯಾಟ್ 1859ರಲ್ಲಿ ಬೇರೆಯೇ ವಿವರಣೆ ನೀಡಿದರು: ಭೂಚಿಪ್ಪಿನ ತಳ ಎಲ್ಲೆಡೆ ಒಂದೇ ಆಳದಲ್ಲಿದೆ, ಎತ್ತರದ ಪ್ರದೇಶದ ಶಿಲೆಯ ಸಾಂದ್ರತೆ ಕಡಿಮೆ. ಪರೀಕ್ಷೆಯಲ್ಲಿ ಇವೆರಡು ಅದಲುಬದಲಾಗುವುದು ಸಾಮಾನ್ಯ. ಏರಿಯವರದು ಬೇರು, ಪ್ರ್ಯಾಟರದು ಸಾಂದ್ರತೆ.

‘ಐಸೊಸ್ಟಸಿ’ ಎಂಬ ಹೆಸರು ಬಂದದ್ದು ದಶಕಗಳ ನಂತರ, ಅಮೆರಿಕದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಅವರಿಂದ. ಭೂಕಂಪದ ಅಲೆಗಳಿಂದ ಅಳೆದಾಗ ಹಿಮಾಲಯ-ಟಿಬೆಟ್ ಕೆಳಗಿನ ಭೂಚಿಪ್ಪು ಸುಮಾರು 70 ಕಿ.ಮೀ. ದಪ್ಪವಿರುವುದು ಕಂಡಿತು, ಸಾಮಾನ್ಯ ಭೂಖಂಡದ ಚಿಪ್ಪಿನ ಸುಮಾರು ಎರಡರಷ್ಟು.