ಜಿಂಕೆ ಮಾಂಸ ಮಟನ್ ಥರ ಬೇಯಲಿಲ್ಲ, ವಾಸನೆಯೂ ಹೋಗಲಿಲ್ಲ. ಯಾಕೆ?

ಪ್ರಶ್ನೆ: ನಾವು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇವೆ. ನವೆಂಬರಿನಲ್ಲಿ ಪಕ್ಕದ ಮನೆಯವರು ಬೇಟೆ ಮುಗಿಸಿ ಬಂದು ನಾಲ್ಕೈದು ಪೊಟ್ಟಣ ಜಿಂಕೆ ಮಾಂಸ ಕೊಟ್ಟರು. ಎಲ್ಲವನ್ನೂ ಸೇರಿಸಿ ಮಟನ್ ಸಾರಿನ ಹಾಗೆ ಕುಕ್ಕರಿನಲ್ಲಿ ಐದು ವಿಷಲ್ ಹಾಕಿಸಿದೆವು. ಕೆಲವು ತುಂಡು ರಬ್ಬರಿನಂತೆ, ಕೆಲವು ಒಣಗಿ ಪುಡಿಪುಡಿ. ಮಸಾಲೆ ಎಷ್ಟು ಹಾಕಿದರೂ ಒಂದು ಥರದ ವಾಸನೆ. ಎಲ್ಲಿ ತಪ್ಪಾಯಿತು?

ಉತ್ತರ: ಎರಡು ಕಡೆ ತಪ್ಪಾಗಿದೆ. ಬೇರೆ ಬೇರೆ ಭಾಗದ ಮಾಂಸವನ್ನು ಒಂದೇ ಹೊತ್ತು ಬೇಯಿಸಿದ್ದೀರಿ. ಕೊಬ್ಬು, ಪೊರೆ ತೆಗೆಯದೆ ಕುಕ್ಕರಿಗೆ ಹಾಕಿದ್ದೀರಿ. ಎರಡನ್ನೂ ಮುಂದಿನ ಸಲ ಸರಿಮಾಡಬಹುದು.

ಮೊದಲು ಊರಿನಲ್ಲಿರುವ ಓದುಗರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ, ಮೊಲಗಳನ್ನು ಬೇಟೆಯಾಡುವುದೂ ಅವುಗಳ ಮಾಂಸ ಇಟ್ಟುಕೊಳ್ಳುವುದೂ ಅಪರಾಧ. ಯಾರೋ ಗುಟ್ಟಾಗಿ ತಂದುಕೊಟ್ಟರೂ ತೆಗೆದುಕೊಳ್ಳಬೇಡಿ. ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಹಂಗಾಮಿನಲ್ಲಿ ಬೇಟೆಯಾಡಬಹುದು. ಆ ಮಾಂಸವನ್ನು ಮಾರುವಂತಿಲ್ಲ, ನೆಂಟರಿಷ್ಟರಿಗೆ ಕೊಡಬಹುದು.

ಕೊಟ್ಟವರನ್ನು ಕೇಳಲು ಸಂಕೋಚ ಬೇಡ. ಜಿಂಕೆಗೆ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಪರೀಕ್ಷೆ ಮಾಡಿಸಿದ್ದರೇ ಎಂಬುದೇ ಮೊದಲ ಪ್ರಶ್ನೆ. ಇದು ಜಿಂಕೆ ಜಾತಿಯ ಮಿದುಳನ್ನು ಹಾಳುಮಾಡುವ ರೋಗ. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಗಮನಕ್ಕೆ ಬಂತು, 2002ರಲ್ಲಿ ವಿಸ್ಕಾನ್ಸಿನ್‌ನಲ್ಲೂ ಪತ್ತೆಯಾಯಿತು. ಮನುಷ್ಯರಿಗೆ ಅಂಟಿದ್ದು ಈವರೆಗೆ ದೃಢಪಟ್ಟಿಲ್ಲ. ಆದರೆ ಇದಕ್ಕೆ ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನ್ ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ. ಹಾಗಾಗಿ ರೋಗ ಪತ್ತೆಯಾದ ಜಿಂಕೆಯ ಮಾಂಸ ತಿನ್ನಬಾರದು ಎಂದು ಅಲ್ಲಿನ ಆರೋಗ್ಯ ಇಲಾಖೆಗಳು ಹೇಳುತ್ತವೆ. ಫಲಿತಾಂಶ ಬರುವವರೆಗೆ ಪೊಟ್ಟಣಗಳನ್ನು ಫ್ರೀಜರಿನಲ್ಲಿ ಬೇರೆಯಾಗಿಡಿ. ನಮಗೆ ಮೂಳೆ ಸಮೇತ ಬೇಯಿಸಿದರೇ ಸಾರಿಗೆ ರುಚಿ, ನಿಜ. ಆದರೂ ತಲೆ ಮತ್ತು ಬೆನ್ನುಮೂಳೆಯ ತುಂಡು ಯಾವತ್ತೂ ಬೇಡ. ಕುತ್ತಿಗೆ ಮಾಂಸವನ್ನು ಮೂಳೆ ಬಿಡಿಸಿಯೇ ತೆಗೆದುಕೊಳ್ಳಿ.

ಎರಡನೆಯದು ಗುಂಡು. ಸೀಸದ ಗುಂಡು ಒಳಗೆ ಹೊಕ್ಕಾಗ ಚೂರುಚೂರಾಗಿ ಗಾಯದಿಂದ ದೂರದವರೆಗೂ ಹರಡುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳೂ ಇರುತ್ತವೆ. ರಕ್ತ ಕಟ್ಟಿ ಕಪ್ಪಾದ ಭಾಗವನ್ನು ಸುತ್ತಲಿನ ಮಾಂಸವನ್ನೂ ಸೇರಿಸಿ ಧಾರಾಳವಾಗಿ ಕತ್ತರಿಸಿ ಬಿಸಾಡಿ. ಸೀಸವಿಲ್ಲದ, ಪೂರ್ತಿ ತಾಮ್ರದ ಗುಂಡಾದರೆ ಈ ಚಿಂತೆ ಇಲ್ಲ. ಸೀಸದ ಗುಂಡಿನ ಮಾಂಸವನ್ನು ಬಸುರಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ ಕೊಡಲೇಬೇಡಿ.

ಇನ್ನು ವಾಸನೆ. ಕುರಿಯ ಕೊಬ್ಬು ಸಾರಿಗೆ ರುಚಿ ಕೊಡುತ್ತದೆ, ಜಿಂಕೆಯ ಕೊಬ್ಬು ಕೆಡಿಸುತ್ತದೆ. ಅದು ಮೇಣದಂತೆ ಗಟ್ಟಿ, ಬಿಸಿ ಸ್ವಲ್ಪ ಇಳಿದರೂ ಸಾಕು, ಹೆಪ್ಪುಗಟ್ಟುತ್ತದೆ. ಊಟದ ನಡುವೆ ತುಟಿಗೆ, ಚಮಚದ ಹಿಂಬದಿಗೆ ಬಿಳಿಯಾಗಿ ಅಂಟಿಕೊಂಡಿದ್ದನ್ನು ನೀವೂ ನೋಡಿರಬಹುದು. ನಿಮಗೆ ಬಂದ ವಾಸನೆಯ ಮುಖ್ಯ ಮೂಲ ಅದೇ. ಬಿಳಿ ಕೊಬ್ಬನ್ನೆಲ್ಲ ತೆಗೆದುಬಿಡಿ, ಉಳಿಸಬೇಕೆಂಬ ಆಸೆ ಬೇಡ.

ಮಾಂಸದ ಮೇಲೆ ನೀಲಿ ಮಿಶ್ರಿತ ಬೆಳ್ಳಿ ಬಣ್ಣದಲ್ಲಿ ಮಿನುಗುವ ಪೊರೆಯೂ ಇರುತ್ತದೆ. ಹುರಿದರೆ ಅದು ಸೆಟೆದುಕೊಂಡು ತುಂಡನ್ನೇ ಮಡಚಿಬಿಡುತ್ತದೆ. ತೆಗೆಯುವ ಮುಂಚೆ ಮಾಂಸವನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟರೆ ಜಾರುವುದಿಲ್ಲ. ತೆಳುವಾದ ಚಾಕುವಿನ ಮೊನೆಯನ್ನು ಪೊರೆಯ ಕೆಳಗೆ ತೂರಿಸಿ, ಬಿಡಿಸಿದ ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದುಕೊಂಡು, ಅಲಗನ್ನು ಸ್ವಲ್ಪ ಪೊರೆಯ ಕಡೆಗೇ ವಾಲಿಸಿ ಮುಂದಕ್ಕೆ ತಳ್ಳಿ. ಅಲಗು ಕೆಳಗೆ ವಾಲಿದರೆ ಪೊರೆಯ ಜೊತೆ ಒಳ್ಳೆಯ ಮಾಂಸವೂ ಹೋಗುತ್ತದೆ.

ಪೊಟ್ಟಣದಲ್ಲಿ ನಿಂತಿರುವ ಕೆಂಪು ನೀರನ್ನು ಚೆಲ್ಲಿ, ಮಾಂಸವನ್ನು ಪೇಪರ್ ಟವೆಲಿನಲ್ಲಿ ಒತ್ತಿ ಒರೆಸಿ. ಇಷ್ಟು ಮಾಡಿಯೂ ಹುಳಿ ನಾತ ಬಂದರೆ ಅಥವಾ ಲೋಳೆ ಕಂಡರೆ, ಬೇಟೆಯ ಜಾಗದಲ್ಲೇ ಕರುಳು ಒಡೆದಿರಬಹುದು, ಇಲ್ಲವೇ ಮೈ ತಣ್ಣಗಾಗಿಸುವುದು ತಡವಾಗಿರಬಹುದು. ಅದನ್ನು ಯಾವ ಮಸಾಲೆಯೂ ಸರಿಮಾಡದು. ಎಸೆಯಿರಿ.

ಈಗ ಗಟ್ಟಿಯಾದ ವಿಷಯ. ಪೊಟ್ಟಣದ ಮೇಲೆ ಬರೆದಿದ್ದನ್ನು ಓದಿ. ಮುಂಗಾಲಿನ ಭುಜ, ಕುತ್ತಿಗೆ, ಕಾಲಿನ ಕೆಳಭಾಗ ಇವು ಜಿಂಕೆ ದಿನವಿಡೀ ದುಡಿಸುವ ಸ್ನಾಯುಗಳು. ಅವುಗಳ ತುಂಬ ಕೊಲಾಜನ್ ಎಂಬ ನಾರಿನಂಥ ಗಟ್ಟಿ ಪ್ರೋಟೀನ್ ಇರುತ್ತದೆ, ಅದು ಕರಗಿ ಜಿಗುಟಾಗಲು ಸಮಯ ಬೇಕು. ಐದು ವಿಷಲ್ ಸಾಲದು. ನಿಮ್ಮ ರಬ್ಬರ್ ತುಂಡುಗಳು ಇವೇ. ಬ್ಯಾಕ್‌ಸ್ಟ್ರಾಪ್ ಎಂದು ಬರೆದಿದ್ದರೆ ಅದು ಬೆನ್ನುಮೂಳೆಯ ಎರಡೂ ಬದಿಯ ಮೆತ್ತನೆಯ ಉದ್ದ ಪಟ್ಟಿ. ಕೊಲಾಜನ್ ಕಡಿಮೆ, ಕೊಬ್ಬಂತೂ ಇಲ್ಲವೇ ಇಲ್ಲ. ಕುಕ್ಕರಿಗೆ ಹಾಕಿದರೆ ಒಳಗಿನ ರಸವೆಲ್ಲ ಹಿಂಡಿಹೋಗಿ ಪುಡಿಯಾಗುತ್ತದೆ.

ಸಾರಿಗೆ ಭುಜ ಅಥವಾ ಕುತ್ತಿಗೆಯ ಒಂದು ಕಿಲೋ ಮಾಂಸವನ್ನು ಒಂದೂವರೆ ಇಂಚಿನ ತುಂಡು ಮಾಡಿ. ಅರ್ಧ ಕಪ್ ಮೊಸರು, ಎರಡು ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಒಂದೂವರೆ ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಅರಿಶಿನ ಕಲಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ವಿನೆಗರಿನಲ್ಲಿ ಎರಡು ದಿನ ನೆನೆಸುವವರಿದ್ದಾರೆ. ಹುಳಿ ಒಳಗೆ ಇಳಿಯುವ ಮೊದಲೇ ಮೇಲ್ಮೈ ಹಿಟ್ಟುಹಿಟ್ಟಾಗುತ್ತದೆ, ಬೇಡ.

ಮಾಂಸದಲ್ಲಿ ಕೊಬ್ಬಿಲ್ಲದ ಕಾರಣ ಎಣ್ಣೆ ಮಾಮೂಲಿಗಿಂತ ಜಾಸ್ತಿ ಬೇಕು, ಐದು ಚಮಚ ಹಾಕಿ. ಎರಡು ದೊಡ್ಡ ಈರುಳ್ಳಿ ಕೆಂಪಗಾದ ಮೇಲೆ ಮಾಂಸವನ್ನು ಮೂರು ಕಂತಿನಲ್ಲಿ ಹುರಿಯಿರಿ. ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆಯೇ ಹೊರತು ಕಂದು ಬಣ್ಣಕ್ಕೆ ತಿರುಗುವುದಿಲ್ಲ. ಮೂರು ಚಮಚ ಧನಿಯ, ಎರಡು ಟೀ ಚಮಚ ಕಾಳುಮೆಣಸು, ಎಂಟು ಬ್ಯಾಡಗಿ ಮೆಣಸಿನಕಾಯಿ, ಒಂದಿಂಚು ಚಕ್ಕೆ, ಐದು ಲವಂಗ ಹುರಿದು, ಅರ್ಧ ಕಪ್ ತೆಂಗಿನ ತುರಿಯೊಂದಿಗೆ ರುಬ್ಬಿ. ಈ ಮಾಂಸಕ್ಕೆ ಕಾಳುಮೆಣಸಿನ ಖಾರವೇ ಚೆನ್ನ. ಹುರಿದ ಮಾಂಸದ ಜೊತೆ ಈ ಮಸಾಲೆಯನ್ನೂ ಮಾಂಸ ಮುಳುಗುವಷ್ಟು ನೀರನ್ನೂ ಕುಕ್ಕರಿಗೆ ಹಾಕಿ, ಮೊದಲ ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 40 ನಿಮಿಷ. ಇನ್‌ಸ್ಟಂಟ್ ಪಾಟ್ (ಕರೆಂಟಿನ ಪ್ರೆಷರ್ ಕುಕ್ಕರ್) ಆದರೆ ಹೈ ಪ್ರೆಷರಿನಲ್ಲಿ 45 ನಿಮಿಷ. ಆವಿ ತಾನಾಗಿ ಇಳಿಯಲಿ. ಬೆರಳಿಂದ ಒತ್ತಿದರೆ ಎಳೆ ಬಿಡಬೇಕು. ಬಿಡದಿದ್ದರೆ ಬೆಂದಿದ್ದು ಸಾಲದೆಂದೇ ಅರ್ಥ, ಇನ್ನೂ ಹತ್ತು ನಿಮಿಷ ಇಡಿ. ಕೊಡಗಿನ ಕಾಚಂಪುಳಿ (ಹಣ್ಣಿನಿಂದ ಮಾಡುವ ಕಪ್ಪು ಹುಳಿ ರಸ) ಮನೆಯಲ್ಲಿದ್ದರೆ ಇಳಿಸುವ ಮುಂಚೆ ಒಂದು ಟೀ ಚಮಚ ಹಾಕಿ.

ಬ್ಯಾಕ್‌ಸ್ಟ್ರಾಪನ್ನು ಎಳೆಗೆ ಅಡ್ಡಲಾಗಿ ಒಂದಿಂಚು ದಪ್ಪಕ್ಕೆ ಕತ್ತರಿಸಿ, ಉಪ್ಪು, ಕುಟ್ಟಿದ ಮೆಣಸು ಸವರಿ, ಚೆನ್ನಾಗಿ ಕಾದ ಕಬ್ಬಿಣದ ಬಾಣಲೆಯಲ್ಲಿ ಒಂದೊಂದು ಬದಿ ಎರಡೆರಡು ನಿಮಿಷ ಹುರಿದು, ಐದು ನಿಮಿಷ ಬಿಟ್ಟು ತಿನ್ನಿ. ನಡುವೆ ಗುಲಾಬಿ ಬಣ್ಣ ಉಳಿದಾಗಲೇ ಇದು ಮೃದು. ಆದರೆ ಜಿಂಕೆಯಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು. ಬಸುರಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇದನ್ನು ಬಿಟ್ಟು ಚೆನ್ನಾಗಿ ಬೆಂದ ಸಾರನ್ನೇ ಉಣ್ಣಲಿ.

ಪೊಟ್ಟಣಗಳಲ್ಲಿ ಒಂದಾದರೂ ಕೈಮ ಇದ್ದೇ ಇರುತ್ತದೆ. ನಮ್ಮವರು ಇಲ್ಲೇ ಎಡವುವುದು: ಜಿಂಕೆ ಕೈಮಕ್ಕೆ ಜಿಡ್ಡಿರಲಿ ಎಂದು ಕತ್ತರಿಸಿಕೊಡುವ ಅಂಗಡಿಯವರು ಹಂದಿ ಅಥವಾ ದನದ ಕೊಬ್ಬು ಬೆರೆಸುವುದು ಅಲ್ಲಿ ಮಾಮೂಲು. ಸಾಸೇಜಿಗಂತೂ ಹಂದಿ ಮಾಂಸವನ್ನೇ ಸೇರಿಸುತ್ತಾರೆ. ನಿಮ್ಮ ಮನೆಯಲ್ಲಿ ತಿನ್ನದಿದ್ದರೆ ಮೊದಲೇ ಕೇಳಿ. ಕೊಬ್ಬು ಬೆರೆಸದ ಕೈಮವಾದರೆ ಉಂಡೆ ಸಾರು ಮಾಡಿ: ಅರ್ಧ ಕಿಲೋಗೆ ಮೂರು ಚಮಚ ಹುರಿಗಡಲೆ ಪುಡಿ, ಒಂದು ಮೊಟ್ಟೆ, ಎರಡು ಚಮಚ ತೆಂಗಿನ ತುರಿ, ಎರಡು ಚಮಚ ತುಪ್ಪ ಸೇರಿಸಿ ನಿಂಬೆ ಗಾತ್ರದ ಉಂಡೆ ಕಟ್ಟಿ, ಕುದಿಯುವ ಮಸಾಲೆಗೆ ಒಂದೊಂದಾಗಿ ಬಿಡಿ. ಮೊದಲ ಐದು ನಿಮಿಷ ಸೌಟು ಆಡಿಸಬೇಡಿ, ಒಡೆಯುತ್ತವೆ. ಒಟ್ಟು ಇಪ್ಪತ್ತು ನಿಮಿಷ ಸಾಕು. ಥರ್ಮಾಮೀಟರ್ ಇದ್ದರೆ ಉಂಡೆಯ ನಡುವೆ ಚುಚ್ಚಿ ನೋಡಿ: 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಸೆಲ್ಸಿಯಸ್ ಮುಟ್ಟಿರಬೇಕು. ಮುದ್ದೆಗೆ ಇದು ಭುಜದ ಸಾರಿಗಿಂತ ಚೆನ್ನಾಗಿ ಒಗ್ಗುತ್ತದೆ.