ಹೊಲದ ಹೆಸರು ಹೊತ್ತವರು: ಡಚ್ ವಂಶಾವಳಿಯ ಹುಡುಕಾಟ

ನೆದರ್ಲೆಂಡ್ಸಿನ ಪೂರ್ವಕ್ಕಿರುವ ಟ್ವೆಂಟೆ ಮತ್ತು ಆಖ್ಟರ್‌ಹುಕ್ ಸೀಮೆಗಳಲ್ಲಿ ಒಂದು ಕಾಲಕ್ಕೆ ರೈತನ ಅಡ್ಡಹೆಸರು ಅಪ್ಪನಿಂದಲ್ಲ, ಅವನು ಉಳುತ್ತಿದ್ದ ಜಮೀನಿನಿಂದ ಬರುತ್ತಿತ್ತು. ಮನೆಯಳಿಯನಾಗಿ ಹೆಂಡತಿಯ ತವರಿಗೆ ಹೋದವನು ಆ ಜಮೀನಿನ ಹೆಸರನ್ನೇ ಹೊರುತ್ತಿದ್ದ. ಮುಂದೆ ಬೇರೊಂದನ್ನು ಗೇಣಿಗೆ ಹಿಡಿದರೆ ಹೆಸರೂ ಬದಲಾಗಬಹುದಿತ್ತು. ಆದ್ದರಿಂದ ಒಡಹುಟ್ಟಿದವರು ಬೇರೆಬೇರೆ ಹೆಸರುಗಳಲ್ಲಿಯೂ, ರಕ್ತಸಂಬಂಧವೇ ಇಲ್ಲದವರು ಒಂದೇ ಹೆಸರಿನಲ್ಲಿಯೂ ದಾಖಲಾಗಿರುವುದುಂಟು. ಹೆಸರೊಂದನ್ನೇ ನಂಬಿ ತಲೆಮಾರುಗಳನ್ನು ಹಿಂಬಾಲಿಸಿದವರು ಯಾರದೋ ಕುಟುಂಬವನ್ನು ಸೇರಿಬಿಡುತ್ತಾರೆ. ಡಚ್ ಪೂರ್ವಿಕರನ್ನು ಹುಡುಕುವವರು ದಾಖಲೆಯಷ್ಟೇ ನಕ್ಷೆಗೂ ಬೆಲೆ ಕೊಡಬೇಕೆಂದು ನಾನು ಭಾವಿಸುವುದು ಇದೇ ಕಾರಣಕ್ಕೆ.

ಹುಡುಕಾಟಕ್ಕೆ ಗಟ್ಟಿ ನೆಲ ಸಿಗುವುದು 1811ರಿಂದ. ನೆಪೋಲಿಯನ್ನನ ಆಡಳಿತದಲ್ಲಿ ದೇಶದ ಬಹುಭಾಗದಲ್ಲಿ ಜನನ, ಮದುವೆ ಮತ್ತು ಮರಣಗಳ ಸರ್ಕಾರಿ ನೋಂದಣಿ ಆಗ ಆರಂಭವಾಯಿತು. ಅಡ್ಡಹೆಸರಿಲ್ಲದವರು ಒಂದನ್ನು ಗೊತ್ತುಮಾಡಿಕೊಂಡು ನೋಂದಾಯಿಸಬೇಕಾಯಿತು. ಈ ಪುಸ್ತಕಗಳಲ್ಲಿ ಹೆಂಗಸರು ಮದುವೆಯ ನಂತರವೂ ತವರಿನ ಹೆಸರಿನಲ್ಲಿಯೇ ಉಳಿಯುವುದರಿಂದ ತಾಯಿಯ ಕಡೆಯ ವಂಶವೂ ಕೈತಪ್ಪುವುದಿಲ್ಲ. ಖಾಸಗಿತನದ ರಕ್ಷಣೆಗಾಗಿ ಜನನ ದಾಖಲೆಯನ್ನು 100 ವರ್ಷ, ಮದುವೆಯದನ್ನು 75 ವರ್ಷ, ಮರಣದ್ದನ್ನು 50 ವರ್ಷ ಕಳೆದ ಮೇಲಷ್ಟೇ ಸಾರ್ವಜನಿಕರಿಗೆ ತೆರೆಯಲಾಗುತ್ತದೆ.

ಇವುಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಮದುವೆಗೆ ಲಗತ್ತಿಸಿದ ಕಾಗದಗಳ ಕಟ್ಟು. ವಧೂವರರು ತಮ್ಮ ಜನನದ ಅಥವಾ ದೀಕ್ಷಾಸ್ನಾನದ ಪ್ರತಿಯನ್ನು ತರಬೇಕಿತ್ತು. ತಂದೆತಾಯಿ ತೀರಿಕೊಂಡಿದ್ದರೆ ಅವರ ಮರಣಪತ್ರವನ್ನು, 19ನೇ ಶತಮಾನದ ಆರಂಭದಲ್ಲಾದರೆ ಎಷ್ಟೋ ಸಲ ಅಜ್ಜ ಅಜ್ಜಿಯರದನ್ನೂ ಒಪ್ಪಿಸಬೇಕಿತ್ತು. ಒಂದೇ ಕಟ್ಟಿನಲ್ಲಿ ಮೂರು ತಲೆಮಾರು ಸಿಕ್ಕಿಬಿಡುತ್ತದೆ. ವರನ ಸೈನ್ಯಸೇವೆಯ ಪ್ರಮಾಣಪತ್ರದಲ್ಲಿ ಅವನ ಎತ್ತರ, ಕಣ್ಣಿನ ಬಣ್ಣ, ಮೂಗಿನ ಆಕಾರ ಬರೆದಿರುವುದೂ ಉಂಟು. ಛಾಯಾಚಿತ್ರವೇ ಇಲ್ಲದ ಕಾಲದ ಕೂಲಿಕಾರನೊಬ್ಬನ ಮುಖ ಹೀಗೆ ಅಕ್ಷರಗಳಲ್ಲಿ ಉಳಿದಿರುವುದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ.

1811ಕ್ಕಿಂತ ಹಿಂದೆ ಹೋದಂತೆ ದಾರಿ ಕಿರಿದಾಗುತ್ತದೆ. ಅಲ್ಲಿ ಆಧಾರ ಚರ್ಚುಗಳ ಪುಸ್ತಕಗಳು, ಹೆಸರುಗಳೋ ‘ಪೀಟರನ ಮಗ ಯಾನ್’ ಎಂಬಂಥವು. ಅಂಥ ಹೆಸರಿನವರು ಒಂದೇ ಊರಿನಲ್ಲಿ ಹಲವರಿರುತ್ತಿದ್ದರು. ಆಗ ಕಸುಬು, ಬೀದಿ, ಮಗುವಿನ ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ನಿಂತ ಬಂಧುಗಳು ಇವೆಲ್ಲವನ್ನೂ ತಾಳೆ ನೋಡಿದ ಮೇಲೆಯೇ ಇಬ್ಬರು ಯಾನ್‌ಗಳು ಒಬ್ಬನೇ ಎಂದು ಒಪ್ಪಬೇಕು. ಜೀಲಾಂಡ್ ಪ್ರಾಂತದವರ ಕಷ್ಟ ಇನ್ನೂ ದೊಡ್ಡದು, ಏಕೆಂದರೆ 1940ರ ಮೇ ತಿಂಗಳಲ್ಲಿ ಮಿಡಲ್‌ಬರ್ಗ್ ನಗರ ಹೊತ್ತಿ ಉರಿದಾಗ ಅಲ್ಲಿದ್ದ ಹಳೆಯ ಚರ್ಚು ಪುಸ್ತಕಗಳಲ್ಲಿ ಬಹಳಷ್ಟು ನಾಶವಾದವು. ಆಮ್‌ಸ್ಟರ್‌ಡ್ಯಾಮ್ ನಗರದ ಪತ್ರಾಗಾರವಾದರೋ ನೋಟರಿಗಳ ಹಳೆಯ ಕೈಬರಹವನ್ನು ಕಂಪ್ಯೂಟರಿಗೆ ಓದಲು ಕಲಿಸಿದ್ದು, ಒಮ್ಮೆ ವರ್ಷಗಳೇ ಹಿಡಿಯುತ್ತಿದ್ದ ಹುಡುಕಾಟ ಈಗ ನಿಮಿಷಗಳಲ್ಲಿ ಮುಗಿಯಬಹುದು. ‘ವೀ ವಾಸ್ ವೀ’ಯಂಥ ಜಾಲತಾಣಗಳಲ್ಲಿ ದೇಶದ ಹಲವು ಪತ್ರಾಗಾರಗಳ ಸೂಚಿಯನ್ನು ಒಟ್ಟಿಗೆ ಹುಡುಕಬಹುದು, ‘ಡೆಲ್ಫರ್’ನಲ್ಲಿ ಹಳೆಯ ಪತ್ರಿಕೆಗಳ ಮರಣವಾರ್ತೆಗಳನ್ನು ಓದಬಹುದು. ಆದರೆ ಸೂಚಿಯನ್ನು ಬರೆದವರೂ ತಪ್ಪು ಓದಿರಬಹುದಾದ್ದರಿಂದ ಮೂಲ ಪುಟದ ಚಿತ್ರವನ್ನು ನೋಡದೆ ಯಾವುದನ್ನೂ ಖಚಿತವೆನ್ನಬಾರದು.

ಇನ್ನು ನಕ್ಷೆಗಳು. 1832ರಲ್ಲಿ ಜಾರಿಗೆ ಬಂದ ಭೂಮಾಪನ ವ್ಯವಸ್ಥೆಯಲ್ಲಿ ಪ್ರತಿ ತುಂಡು ಭೂಮಿಗೂ ಸಂಖ್ಯೆಯಿದ್ದು, ನಮ್ಮ ಪಹಣಿಯನ್ನು ನೆನಪಿಸುವ ಪಟ್ಟಿಯಲ್ಲಿ ಒಡೆಯನ ಹೆಸರು, ಕಸುಬು, ವಾಸಸ್ಥಳ ಮತ್ತು ಜಮೀನಿನ ಬಳಕೆ ದಾಖಲಾಗಿವೆ. ಟ್ವೆಂಟೆಯ ರೈತನ ಹೆಸರು ಗೊಂದಲಕ್ಕೆಡೆಮಾಡಿದಾಗ ಅವನ ಹೊಲ ಇಲ್ಲಿ ಸಿಗುತ್ತದೆ, ಹೆಸರಿನ ಮೂಲವೂ ಅದರೊಂದಿಗೆ ತಿಳಿಯುತ್ತದೆ. ಆದರೆ ಈ ದೇಶದಲ್ಲಿ ನೆಲವೂ ನಿಂತಲ್ಲಿ ನಿಂತಿಲ್ಲ. ಜೌಡರ್‌ಜೀ ಎಂಬ ಒಳಗಡಲಿನಲ್ಲಿದ್ದ ಸ್ಖೋಕ್‌ಲಾಂಡ್ ದ್ವೀಪ ಅಲೆಗಳಿಗೆ ಕೊಚ್ಚಿಹೋಗುತ್ತಿದ್ದುದರಿಂದ 1859ರಲ್ಲಿ ಸರ್ಕಾರ ಅದನ್ನು ತೆರವುಗೊಳಿಸಿತು. ಜನ ಕಾಂಪನ್, ಫೋಲೆಂಡಾಮ್ ಮೊದಲಾದ ಊರುಗಳಿಗೆ ಚದುರಿದರು. ಮುಂದೆ ಅಣೆಕಟ್ಟು ಕಟ್ಟಿ ನೀರನ್ನು ಹೊರಹಾಕಿದಾಗ, 1942ರ ಹೊತ್ತಿಗೆ, ಸುತ್ತಲಿನ ಕಡಲತಳವೇ ಹೊಲವಾಯಿತು. ಹಳೆಯ ನಕ್ಷೆಗಳನ್ನು ವರ್ಷವಾರು ತೋರಿಸುವ ‘ಟೋಪೋಟೈಡ್‌ರೈಸ್’ ಜಾಲತಾಣದಲ್ಲಿ ವರ್ಷಗಳನ್ನು ಒಂದೊಂದಾಗಿ ಸರಿಸಿದರೆ ಮೊದಲು ನೀರಿನ ನಡುವಿನ ದ್ವೀಪ ಕಾಣುತ್ತದೆ; ಸರಿಸುತ್ತ ಹೋದಂತೆ ನೀರು ಮಾಯವಾಗಿ, ನೇರ ಗೆರೆ ಎಳೆದಂಥ ಹೊಲಗಳ ನಡುವೆ, ಪೂರ್ವಿಕರು ಬಿಟ್ಟುಹೋದ ಆ ಉದ್ದನೆಯ ದಿಬ್ಬ ಉಳಿಯುತ್ತದೆ.